ಬಿಟ್ಟಿ ಅಂಚೆ, ಬಿಟ್ಟಿ ಚಾಕರಿ: ಹಾಟ್‌ಮೇಲ್ ಕಾಲದ ಒಂದು ಚರಿತ್ರೆ



ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಕೊನೆಯಲ್ಲಿ ಒಂದು ಕೆಲಸಾನೂ ಹೇಳ್ತೀನಿ, ಅದನ್ನ ಮಾತ್ರ ತಪ್ಪದೆ ಮಾಡಿ.

ಕನ್ನಡದಲ್ಲಿ 'ಬಿಟ್ಟಿ' ಅನ್ನೋ ಪದಕ್ಕೆ ಎರಡು ಅರ್ಥ. ದುಡ್ಡು ಕೊಡದೆ ಸಿಕ್ಕಿದ್ದು ಬಿಟ್ಟಿ. ದುಡ್ಡು ಕೊಡದೆ ದುಡಿಸಿಕೊಂಡದ್ದೂ ಬಿಟ್ಟಿ. ಊರಿನವರಿಗೆ ಮೊದಲನೇ ಅರ್ಥ ಗೊತ್ತು, ಕೇರಿಯವರಿಗೆ ಎರಡನೇದು. ಇವತ್ತು ನಾವೆಲ್ಲ 'ಫ್ರೀ' ಅಂತ ಬಳಸ್ತಿರೋ ಇಮೇಲಿನ ಚರಿತ್ರೆ ಓದುವಾಗ ಈ ಎರಡೂ ಅರ್ಥ ಜೊತೆಗಿರಬೇಕು. ಒಂದನ್ನೇ ಹಿಡ್ಕೊಂಡ್ರೆ ಅರ್ಧ ಚರಿತ್ರೆ ಮಾತ್ರ ಸಿಗುತ್ತೆ.

ಮೊದಲು ನಮ್ಮ ಕಥೆಯಿಂದಲೇ ಶುರು ಮಾಡೋಣ. ಹಳ್ಳಿಗಳಲ್ಲಿ ಅಂಚೆ ಬರೋದಕ್ಕೂ ಮುಂಚೆ ಸುದ್ದಿ ಹೊತ್ತವರು ಯಾರು? ನಮ್ಮವರು. ತೋಟಿ, ತಳವಾರ, ಕುಳವಾಡಿ, ಸೀಮೆಗೊಂದು ಹೆಸರು. ಊರಲ್ಲಿ ಯಾರೋ ತೀರಿಕೊಂಡ್ರೆ ಹತ್ತು ಊರಿನ ನೆಂಟರಿಗೆ ಕಾಲ್ನಡಿಗೆಯಲ್ಲಿ ಹೋಗಿ ಸಾವಿನ ಸುದ್ದಿ ಮುಟ್ಟಿಸಬೇಕು. ಮಳೆಯಿರಲಿ, ರಾತ್ರಿಯಿರಲಿ. ಅಮಲ್ದಾರರು ಬರ್ತಾರೆ ಅಂದ್ರೆ ತಮಟೆ ಬಾರಿಸಿ ಸಾರಬೇಕು. ಕಂದಾಯದ ದುಡ್ಡು, ಕಾಗದ ಹೊತ್ತು ತಾಲ್ಲೂಕು ಕಚೇರಿಗೆ ನಡೀಬೇಕು. ಸುದ್ದಿ ಹೇಳಿ ಅಂಗಳದ ಆಚೆ ನಿಲ್ಲಬೇಕು. ಊರಿನ ಇಡೀ ಸುದ್ದಿಜಾಲ ನಮ್ಮ ಕಾಲ ಮೇಲೆ ನಿಂತಿತ್ತು. ಆದರೆ ನಮ್ಮ ಸುದ್ದಿ ಹೊರಲು ಯಾರೂ ಇರಲಿಲ್ಲ.

ಆಮೇಲೆ ಅಂಚೆ ಬಂತು. ಅಂಚೆಗೆ ವಿಳಾಸ ಬೇಕು. ನಮ್ಮ ವಿಳಾಸ ಏನು? ಹೆಸರಿನ ಕೆಳಗೆ 'ಹರಿಜನ ಕಾಲೋನಿ'. ಲಕೋಟೆ ಒಡೆಯೋ ಮೊದಲೇ ಜಾತಿ ಓದಿಸಿಕೊಳ್ಳುವ ವಿಳಾಸ. ಎಷ್ಟೋ ಊರುಗಳಲ್ಲಿ ಕಾಗದ ಕೇರಿಯೊಳಗೆ ಬರ್ತಾನೇ ಇರಲಿಲ್ಲ. ಊರಬಾಗಿಲ ಅಂಗಡಿಯಲ್ಲೋ, ಯಾರೋ ಗೌಡರ ಜಗಲಿಯಲ್ಲೋ ಬಿಟ್ಟು ಹೋಗ್ತಿದ್ರು. ನಂಗೊಂದು ಕೆಲಸದ ಇಂಟರ್ವ್ಯೂ ಕಾರ್ಡು ಹೀಗೇ ಅಂಗಡಿಯ ಗಲ್ಲಾಪೆಟ್ಟಿಗೆ ಕೆಳಗೆ ಹನ್ನೊಂದು ದಿನ ಕೂತಿತ್ತು. ಕೈಗೆ ಬಂದಾಗ ಇಂಟರ್ವ್ಯೂ ಮುಗಿದು ಮೂರು ದಿನ ಆಗಿತ್ತು. ಇಂಥದ್ದು ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಆಗಿರುತ್ತೆ.

ಈಗ ಇಮೇಲಿಗೆ ಬರೋಣ.

ಎರಡು ಕಂಪ್ಯೂಟರುಗಳ ನಡುವೆ ಜಾಲದ ಮೂಲಕ ಸಂದೇಶ ಕಳಿಸೋ ಕೆಲಸವನ್ನ 1971ರಲ್ಲಿ ರೇ ಟಾಮ್ಲಿನ್‌ಸನ್ ಅನ್ನೋ ಎಂಜಿನಿಯರ್ ಮಾಡಿ ತೋರಿಸಿದ. ಅದು ಅಮೆರಿಕದ ರಕ್ಷಣಾ ಇಲಾಖೆ ದುಡ್ಡು ಹಾಕಿದ್ದ ಅರ್ಪಾನೆಟ್ ಜಾಲ. ಹೆಸರು ಮತ್ತು ಯಂತ್ರದ ನಡುವೆ ಇವತ್ತು ನಾವು ಹಾಕೋ '@' ಗುರುತು ಅವನದ್ದೇ ಆಯ್ಕೆ. ಆ ಗುರುತು ಏನು ಹೇಳುತ್ತೆ ನೋಡಿ: ಇಂಥವನು, ಇಂಥ ಜಾಗದಲ್ಲಿ ಇದ್ದಾನೆ. ಅಂದ್ರೆ ಇಮೇಲ್ ವಿಳಾಸ ಬೇಕಾದ್ರೆ ಮೊದಲು ನೀವು ಒಂದು ಜಾಗಕ್ಕೆ ಸೇರಿದವರಾಗಿರಬೇಕು. ವಿಶ್ವವಿದ್ಯಾಲಯ, ಪ್ರಯೋಗಾಲಯ, ದೊಡ್ಡ ಕಂಪನಿ. ಜಾಗ ಇಲ್ಲದವರಿಗೆ ವಿಳಾಸ ಇಲ್ಲ.

ಇಂಡಿಯಾದಲ್ಲೂ ಹಾಗೇ ಆಯ್ತು. 1986ರಲ್ಲಿ ಅರ್ನೆಟ್ ಅನ್ನೋ ಜಾಲ ಶುರುವಾದಾಗ ಅದರಲ್ಲಿ ಇದ್ದದ್ದು ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ಒಂದು ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. ಆ ಗೇಟುಗಳ ಒಳಗೆ ಆಗ ನಮ್ಮವರು ಎಷ್ಟು ಜನ ಇದ್ರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೂ ಇಂಟರ್ನೆಟ್ ಕೊಡೋಕೆ ಶುರು ಮಾಡ್ತು. ಸ್ವಾತಂತ್ರ್ಯ ದಿನವೇ. ಆದರೆ ಖಾತೆಗೆ ವರ್ಷಕ್ಕೆ ಸಾವಿರಗಟ್ಟಲೆ ರೂಪಾಯಿ, ಅದರ ಜೊತೆ ಮನೆಯಲ್ಲಿ ಫೋನು ಬೇಕು, ಮೋಡೆಮ್ ಬೇಕು, ಕಂಪ್ಯೂಟರ್ ಬೇಕು. ಕೂಲಿ ಮಾಡೋರ ಮನೆಗೆ ಆ ಸ್ವಾತಂತ್ರ್ಯ ಬರೋಕೆ ಇನ್ನೂ ಬಹಳ ದೂರ ಇತ್ತು.

ಇನ್ನೊಂದು ತಾಂತ್ರಿಕ ತೊಡಕೂ ಇತ್ತು. ಆಗಿನ ಇಮೇಲ್ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿಗೆ ಇಳಿದು ಅಲ್ಲೇ ಉಳೀತಿತ್ತು. ಸರ್ವರಿನಲ್ಲಿ ಅಳಿಸಿ ಹೋಗ್ತಿತ್ತು. ಸ್ವಂತ ಕಂಪ್ಯೂಟರ್ ಇದ್ದವನಿಗೆ ಮಾತ್ರ ಅದು ಸರಿ. 1996ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಜೂನೋ ಅನ್ನೋ ಕಂಪನಿ ಪುಕ್ಕಟೆ ಇಮೇಲ್ ಶುರು ಮಾಡ್ತು. ಅದಕ್ಕೂ ಅವರದೇ ಸಾಫ್ಟ್‌ವೇರನ್ನ ನಿಮ್ಮ ಕಂಪ್ಯೂಟರಿಗೆ ಹಾಕ್ಕೊಂಡು, ನಿಮ್ಮ ಫೋನಿನಿಂದ ಡಯಲ್ ಮಾಡಬೇಕಿತ್ತು. ಪುಕ್ಕಟೆಯೇ, ಆದರೆ ಮನೆ ಇದ್ದವರಿಗೆ ಪುಕ್ಕಟೆ.

ಇಲ್ಲಿಗೆ ಬಂದವರು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್. ಸಬೀರ್ ಹುಟ್ಟಿದ್ದು ಚಂಡೀಗಢದಲ್ಲಿ, ಶಾಲೆ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. ಆಮೇಲೆ ಪಿಲಾನಿ, ಅಲ್ಲಿಂದ ಅಮೆರಿಕ. ಆಪಲ್‌ನಲ್ಲಿ ಕೆಲಸ ಮಾಡುವಾಗ ಇಬ್ಬರಿಗೂ ಪರಿಚಯ. ಸ್ವಂತ ಕಂಪನಿ ಕಟ್ಟೋ ಯೋಚನೆ ಇತ್ತು. ಆದರೆ ಅದರ ಬಗ್ಗೆ ಆಫೀಸಿನ ಇಮೇಲಿನಲ್ಲಿ ಮಾತಾಡೋ ಹಾಗಿರಲಿಲ್ಲ, ಮಾಲೀಕರು ಓದಿಬಿಟ್ಟರೆ? ಸ್ವಂತ ಖಾತೆಯನ್ನ ಆಫೀಸಿನ ಜಾಲದಿಂದ ತೆರೆಯೋಕೂ ಆಗ್ತಿರಲಿಲ್ಲ. ಆಗ ಹೊಳೆದದ್ದು: ಕಾಗದವನ್ನ ಕಂಪ್ಯೂಟರಿನಲ್ಲಿ ಇಡೋದೇ ಬೇಡ, ಜಾಲತಾಣದಲ್ಲೇ ಇಡೋಣ. ಯಾವ ಕಂಪ್ಯೂಟರಿನಿಂದ ಬೇಕಾದ್ರೂ ಬ್ರೌಸರ್ ತೆರೆದು ಓದಬಹುದು.

ಗಮನಿಸಿ. ವೆಬ್ ಇಮೇಲಿನ ಮೂಲದಲ್ಲಿ ಇದ್ದದ್ದು ಧಣಿಯ ಕಣ್ಣು ತಪ್ಪಿಸಿ ಮಾತಾಡೋ ಆಸೆ. ಈ ಆಸೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಅನ್ನೋದು ನಮಗೆ ಗೊತ್ತು.

ಬಂಡವಾಳಕ್ಕೆ ಅಲೆದ್ರು. ಹಲವರು ಆಗಲ್ಲ ಅಂದ್ರು. ಕೊನೆಗೆ ಡ್ರೇಪರ್ ಫಿಶರ್ ಜರ್ವೆಟ್‌ಸನ್ ಅನ್ನೋ ಸಂಸ್ಥೆ 3 ಲಕ್ಷ ಡಾಲರ್ ಹಾಕ್ತು. 1996ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಹಾಟ್‌ಮೇಲ್ ಶುರು. ವೆಬ್ ಪುಟ ಬರೆಯೋ ಎಚ್‌ಟಿಎಂಎಲ್ ಅಕ್ಷರಗಳು ಹೆಸರಿನೊಳಗೆ ಇರಲಿ ಅಂತ ಆ ಹೆಸರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ರಾಕೆಟ್‌ಮೇಲ್ ಕೂಡ ಬಂತು. ಅದರ ಕಂಪನಿಯನ್ನ ಯಾಹೂ 1997ರ ಅಕ್ಟೋಬರಿನಲ್ಲಿ ಕೊಂಡು ಯಾಹೂ ಮೇಲ್ ಮಾಡ್ತು.

ಹಾಟ್‌ಮೇಲ್ ಹಬ್ಬಿದ್ದು ಹೇಗೆ ಅನ್ನೋದು ಈ ಚರಿತ್ರೆಯ ಮುಖ್ಯ ಅಧ್ಯಾಯ. ಹಣ ಹಾಕಿದ ಟಿಮ್ ಡ್ರೇಪರ್ ಒಂದು ಉಪಾಯ ಕೊಟ್ಟ: ಹೋಗೋ ಪ್ರತಿ ಕಾಗದದ ಕೆಳಗೆ 'ನೀವೂ ಪುಕ್ಕಟೆ ಇಮೇಲ್ ಪಡೆಯಿರಿ' ಅಂತ ಒಂದು ಸಾಲು ಹಾಕಿ. ಜನರ ಖಾಸಗಿ ಕಾಗದದಲ್ಲಿ ನಮ್ಮ ಜಾಹೀರಾತು ಹಾಕೋದು ಸರಿಯಲ್ಲ ಅಂತ ಸಬೀರ್ ಮತ್ತು ಜ್ಯಾಕ್ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ್ರು. ಅಲ್ಲಿಂದ ಕಾಡ್ಗಿಚ್ಚು. ನೀವು ಗೆಳೆಯನಿಗೆ ಬರೆದ್ರೆ ಗೆಳೆಯನಿಗೆ ಜಾಹೀರಾತು, ಅವನು ಖಾತೆ ತೆರೆದು ಇನ್ನೊಬ್ಬನಿಗೆ ಬರೆದ್ರೆ ಅವನಿಗೂ. ಒಂದೂವರೆ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ. ಇಂಡಿಯಾದಲ್ಲಿ ಒಂದು ರೂಪಾಯಿ ಪ್ರಚಾರಕ್ಕೆ ಖರ್ಚು ಮಾಡದೆ ಇಲ್ಲಿನ ಅತಿ ದೊಡ್ಡ ಇಮೇಲ್ ಸೇವೆ ಆಯ್ತು ಅಂತ ಹಣ ಹಾಕಿದವರೇ ಹೆಮ್ಮೆಯಿಂದ ಬರ್ಕೊಂಡ್ರು. 1997ರ ಕೊನೆಯ ದಿನ ಮೈಕ್ರೋಸಾಫ್ಟ್ ಅದನ್ನ ಸುಮಾರು 40 ಕೋಟಿ ಡಾಲರ್ ಬೆಲೆಗೆ ಕೊಂಡದ್ದು ಜಾಹೀರಾಯ್ತು.

ಆ 40 ಕೋಟಿಯನ್ನ ಬೆಳೆಸಿದವರು ಯಾರು? ಕಾಗದ ಬರೆದವರು. ಒಬ್ಬೊಬ್ಬರೂ ಕಂಪನಿಯ ಸುದ್ದಿ ಹೊತ್ತು ಮನೆಮನೆಗೆ ಹೋಗಿದ್ರು. ಕೂಲಿ ಇಲ್ಲ. ಡಂಗುರ ಸಾರಿದ್ದು ಅಂತಾನೂ ಅವರಿಗೆ ಗೊತ್ತಿರಲಿಲ್ಲ. ಇದಕ್ಕೆ ವ್ಯಾಪಾರದ ಪುಸ್ತಕಗಳಲ್ಲಿ 'ವೈರಲ್ ಮಾರ್ಕೆಟಿಂಗ್' ಅಂತ ಹೆಸರು. ನಮ್ಮ ಭಾಷೆಯಲ್ಲಿ ಇದಕ್ಕೆ ಬಹಳ ಹಳೇ ಹೆಸರಿದೆ. ಮೇಲೆ ಹೇಳಿದೀನಿ.

ಆದರೆ ಅರ್ಧಕ್ಕೇ ನಿಲ್ಲಿಸಬಾರದು. ಇನ್ನೊಂದು ಅರ್ಥಕ್ಕೂ ನ್ಯಾಯ ಕೊಡಬೇಕು.

2000ದ ಆಸುಪಾಸಿನಲ್ಲಿ ತಾಲ್ಲೂಕು ಕೇಂದ್ರಗಳಿಗೂ ಸೈಬರ್ ಕೆಫೆ ಬಂದ್ವು. ನಾನು ಹೋಗ್ತಿದ್ದ ಕಡೆ ಗಂಟೆಗೆ 30 ರೂಪಾಯಿ. ಹಲಗೆಯ ಗೂಡು, ಹಳದಿಯಾದ ಕೀಬೋರ್ಡು. ಮೂರು ಜನ ಸೇರಿ ದುಡ್ಡು ಹಾಕಿ ಒಂದು ಗಂಟೆ ಕೂರ್ತಿದ್ವಿ. ಹೆಚ್ಚಿನವರದು ಯಾಹೂ, ಇಲ್ಲಾ ಮುಂಬೈನ ರೀಡಿಫ್‌ಮೇಲ್. ಫಾರಮ್ಮಿನಲ್ಲಿ ಹೆಸರು, 'ಲಾಸ್ಟ್ ನೇಮ್', ವಯಸ್ಸು, ಉದ್ಯೋಗ ಕೇಳೋರು. ಆ ಲಾಸ್ಟ್ ನೇಮ್ ಹತ್ರ ನಮ್ಮ ಹುಡುಗರೆಲ್ಲ ನಿಂತುಬಿಡ್ತಿದ್ರು. ಇನಿಷಿಯಲ್ ಬಿಟ್ರೆ ನಮಗೆಲ್ಲಿಯ ಮನೆತನದ ಹೆಸರು? ಕೆಲವರು ಅಪ್ಪನ ಹೆಸರು ಹಾಕಿದ್ರು. ಕೆಲವರು ಊರ ಹೆಸರು. ನಮ್ಮ ಜೊತೆಯ ಒಬ್ಬಳು 'ಭೀಮ್' ಅಂತ ಬರೆದಳು. ಫಾರಮ್ಮು ತಕರಾರು ಮಾಡಲಿಲ್ಲ. ಐಡಿ ಸಿಗದಿದ್ದಾಗ ಸಂಖ್ಯೆ ಸೇರಿಸಬೇಕಲ್ಲ, ನಮ್ಮವರ ಸಂಖ್ಯೆಗಳೆಲ್ಲ ಹೆಚ್ಚುಕಮ್ಮಿ ಅವೇ: 14, 1956, 22. ಅರ್ಥ ಗೊತ್ತಿದ್ದವರಿಗೆ ಗೊತ್ತು.

ಆ ವಿಳಾಸದಲ್ಲಿ ಕೇರಿ ಇರಲಿಲ್ಲ. ಅಂಗಡಿಯವನ ಮೂಲಕ ಅಂತ ಇರಲಿಲ್ಲ. ಮನೆ ಬದಲಾದ್ರೂ, ಹಾಸ್ಟೆಲ್ ಬಿಟ್ರೂ, ಊರಿನಿಂದ ಬಹಿಷ್ಕಾರ ಹಾಕಿದ್ರೂ ವಿಳಾಸ ಹಾಗೇ ಇರ್ತಿತ್ತು. ಕಾಗದ ಯಾರ ಜಗಲಿಯನ್ನೂ ಹಾಯದೆ ನೇರ ನಮ್ಮ ಹತ್ರ ಬರ್ತಿತ್ತು. ಸರ್ಕಾರಿ ಕಚೇರಿಗಳಲ್ಲಿದ್ದ ನಮ್ಮ ನೌಕರ ಬಂಧುಗಳು ಮೇಲಧಿಕಾರಿಯ ಕಿರುಕುಳದ ಬಗ್ಗೆ ಕಚೇರಿಯ ಕಾಗದದಲ್ಲಿ ಬರೆಯಲಾಗದ್ದನ್ನ ಸಂಜೆ ಸೈಬರ್ ಕೆಫೆಯಲ್ಲಿ ಕೂತು ಸಂಘಟನೆಗೆ ಬರೀತಿದ್ರು. ಸಬೀರ್ ಮತ್ತು ಜ್ಯಾಕ್‌ಗೆ ಬೇಕಾಗಿದ್ದ ಅದೇ ಸೌಕರ್ಯ. ಅವರು ಪ್ರಯಾಣ ಮಾಡೋ, ಆಫೀಸಿನಲ್ಲಿ ಕೆಲಸ ಮಾಡೋ ಜನರಿಗೆ ಅಂತ ಕಟ್ಟಿದ್ದು, ಸ್ವಂತ ಕಂಪ್ಯೂಟರೇ ಇಲ್ಲದವರ ಕೈಗೆ ದೊಡ್ಡ ಆಯುಧವಾಯ್ತು.

ಬಾಬಾಸಾಹೇಬರು 1920ರ ಜನವರಿ 31ಕ್ಕೆ 'ಮೂಕನಾಯಕ' ಪತ್ರಿಕೆ ತಂದಾಗ, ದುಡ್ಡು ಕೊಡ್ತೀವಿ ಅಂದ್ರೂ ಅದರ ಜಾಹೀರಾತು ಹಾಕಲು 'ಕೇಸರಿ' ಪತ್ರಿಕೆ ಒಪ್ಪಲಿಲ್ಲ. ಅಸ್ಪೃಶ್ಯರಿಗೆ ಪತ್ರಿಕೆ ಇಲ್ಲ, ಸುದ್ದಿಸಂಸ್ಥೆಗಳು ಅವರ ಸುದ್ದಿ ಕೊಡಲ್ಲ ಅನ್ನೋದನ್ನ ಅವರು ಕೊನೆವರೆಗೂ ಹೇಳ್ತಾ ಬಂದ್ರು. 70ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದದ್ದೂ ಕರಪತ್ರ, ಪೋಸ್ಟ್ ಕಾರ್ಡು, ಹಾಡು, ಜಾಥಾಗಳ ಮೇಲೆ. ಈ ಪರಂಪರೆಯಲ್ಲಿಟ್ಟು ನೋಡಿದ್ರೆ ಪುಕ್ಕಟೆ ಇಮೇಲ್ ಏನು ಅಂತ ಅರ್ಥ ಆಗುತ್ತೆ.

ಖೈರ್ಲಾಂಜಿ ನೆನಪಿಸಿಕೊಳ್ಳಿ. 2006ರ ಸೆಪ್ಟೆಂಬರ್ 29. ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯಲ್ಲಿ ಭೋತಮಾಂಗೆ ಕುಟುಂಬದ ನಾಲ್ವರನ್ನ ಊರವರು ಕೊಂದ್ರು. ದೊಡ್ಡ ಪತ್ರಿಕೆಗಳು, ಚಾನೆಲ್‌ಗಳು ವಾರಗಟ್ಟಲೆ ಅದನ್ನ ಸರಿಯಾಗಿ ಮುಟ್ಟಲೇ ಇಲ್ಲ. ಸತ್ಯಶೋಧನಾ ವರದಿಗಳು, ಫೋಟೋಗಳು ಓಡಾಡಿದ್ದು ಇಮೇಲಿನಲ್ಲಿ, ಬ್ಲಾಗುಗಳಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ. ನವೆಂಬರ್ ಹೊತ್ತಿಗೆ ಜನ ಬೀದಿಗಿಳಿದ ಮೇಲೆ ದೇಶಕ್ಕೆ ಎಚ್ಚರ ಆಯ್ತು. ಶತಮಾನಗಳ ಕಾಲ ಬೇರೆಯವರ ಸಾವಿನ ಸುದ್ದಿ ಹೊತ್ತವರು ತಮ್ಮ ಸಾವಿನ ಸುದ್ದಿಯನ್ನ ತಾವೇ ಮುಟ್ಟಿಸಿದ್ರು. ಆ ವರದಿಯನ್ನ ತೆರೆದು ಓದಿದ ರಾತ್ರಿ ಇವತ್ತಿಗೂ ನಂಗೆ ನೆನಪಿದೆ.

ಆದರೆ ಈ ಪುಕ್ಕಟೆಗೆ ಮಿತಿಗಳೂ ಇದ್ವು. ಮೊದಲನೇದು ಭಾಷೆ. ಐಡಿ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಕನ್ನಡದಲ್ಲಿ ಬರೆದ್ರೆ ಆ ಕಡೆಯವರ ಕಂಪ್ಯೂಟರಿನಲ್ಲಿ ಅದೇ ಬರಹ, ಅದೇ ನುಡಿ ಫಾಂಟು ಇರಬೇಕು. ಇಲ್ಲದಿದ್ರೆ ಪುಟ ತುಂಬ ಗೊಜಲು ಗೊಜಲು ಗುರುತು. ಯುನಿಕೋಡ್ ಎಲ್ಲ ಕಡೆ ಬರೋವರೆಗೆ ನಾವು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಒದ್ದಾಡಿ ಬರೆದ್ವಿ. ಇಂಗ್ಲಿಷ್ ಬಾರದ ಹಿರಿಯ ಹೋರಾಟಗಾರರು ಹುಡುಗರನ್ನ ಪಕ್ಕ ಕೂರಿಸ್ಕೊಂಡು ಹೇಳಿ ಬರೆಸಬೇಕಿತ್ತು.

ಎರಡನೇದು ಜಾಗ. ಹಾಟ್‌ಮೇಲ್ ಕೊಡ್ತಿದ್ದದ್ದು 2 ಎಂಬಿ, ಯಾಹೂ 4. ಇವತ್ತು ಫೋನಿನಲ್ಲಿ ತೆಗೆಯೋ ಒಂದು ಫೋಟೋ ಅದಕ್ಕೆ ಹಿಡಿಯಲ್ಲ. ದೌರ್ಜನ್ಯ ನಡೆದ ಊರಿನಿಂದ ಎರಡು ಫೋಟೋ ಬಂದ್ರೆ ಡಬ್ಬ ಭರ್ತಿ. ಹೊಸ ಕಾಗದ ಬರಬೇಕಾದ್ರೆ ಹಳೇದನ್ನ ಅಳಿಸಬೇಕು. ಹೀಗೆ ಹತ್ತು ವರ್ಷದ ಚಳವಳಿಯ ದಾಖಲೆ ನಾವೇ ಅಳಿಸ್ತಾ ಬಂದ್ವಿ. ಬೇರೆ ದಾರಿ ಇರಲಿಲ್ಲ.

ಮೂರನೇದು ಬೀಗ. 1999ರ ಆಗಸ್ಟ್‌ನಲ್ಲಿ ಹಾಟ್‌ಮೇಲಿನ ಒಂದು ದೋಷದಿಂದ ಪಾಸ್‌ವರ್ಡ್ ಗೊತ್ತಿಲ್ಲದೇ ಯಾರ ಖಾತೆ ಬೇಕಾದ್ರೂ ತೆರೆಯಬಹುದಿತ್ತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಲಾಗಿನ್‌ಗೆ ಬೇಕಾದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನ ನವೀಕರಿಸೋದನ್ನೇ ಮೈಕ್ರೋಸಾಫ್ಟ್ ಮರೆತಿತ್ತು. ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಜೇಬಿನಿಂದ 35 ಡಾಲರ್ ಕಟ್ಟಿದ ಮೇಲೆ ಸರಿಹೋಯ್ತು. ಇನ್ನು 2013ರಲ್ಲಿ ಯಾಹೂ ಮೇಲೆ ನಡೆದ ಕಳ್ಳತನದಲ್ಲಿ ಹೋದದ್ದು 300 ಕೋಟಿ ಖಾತೆಗಳ ಮಾಹಿತಿ. ಅಂದ್ರೆ ಆಗ ಇದ್ದ ಎಲ್ಲವೂ.

2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂತು. 1 ಜಿಬಿ ಜಾಗ, ಹಾಟ್‌ಮೇಲಿನ ಐನೂರು ಪಟ್ಟು. ಏಪ್ರಿಲ್ ಫೂಲ್ ಅಂತ ಜನ ನಂಬಲಿಲ್ಲ. ಇನ್ನು ಏನನ್ನೂ ಅಳಿಸಬೇಕಿಲ್ಲ ಅನ್ನೋದೇ ಅದರ ಘೋಷಣೆ. ಆದರೆ ಮೊದಲ ಮೂರು ವರ್ಷ ಒಳಗಿದ್ದವರು ಕರೆದ್ರೆ ಮಾತ್ರ ಪ್ರವೇಶ. ಪರಿಚಯ ಇದ್ದವನಿಗೆ ಬಾಗಿಲು, ಇಲ್ಲದವನು ಅಂಗಳದಲ್ಲಿ. ಈ ವ್ಯವಸ್ಥೆ ನಮಗೇನು ಹೊಸದಲ್ಲ. 2007ರಲ್ಲಿ ಎಲ್ಲರಿಗೂ ತೆರೀತು. ಇನ್ನೊಂದು ವ್ಯತ್ಯಾಸ: ಹಾಟ್‌ಮೇಲ್ ಕಾಗದದ ಕೆಳಗೆ ತನ್ನ ಜಾಹೀರಾತು ಅಂಟಿಸ್ತಿತ್ತು. ಜಿಮೇಲಿನ ಯಂತ್ರ ಕಾಗದವನ್ನೇ ಓದಿ ಅದರ ಪಕ್ಕ ಜಾಹೀರಾತು ಇಡ್ತಿತ್ತು. ಜಾಹೀರಾತಿಗಾಗಿ ಹಾಗೆ ಓದೋದನ್ನ ನಿಲ್ಲಿಸ್ತೀವಿ ಅಂತ ಗೂಗಲ್ ಹೇಳಿದ್ದು 2017ರಲ್ಲಿ.

ಈಗ ಬಾಬಾಸಾಹೇಬರ ಕಡೆ ಇನ್ನೊಮ್ಮೆ ಹೋಗೋಣ. 1928ರಲ್ಲಿ ಅವರು ಮುಂಬೈ ಶಾಸನ ಮಂಡಳಿಯಲ್ಲಿ ಒಂದು ಮಸೂದೆ ತಂದ್ರು, ಮಹಾರ್ ವತನದ ಬಗ್ಗೆ. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ವತನ ಅಂದ್ರೆ ತುಂಡು ಜಮೀನು, ಸುಗ್ಗಿಯಲ್ಲಿ ಸ್ವಲ್ಪ ಕಾಳು. ಅದಕ್ಕೆ ಬದಲಾಗಿ ಊರಿನ ಚಾಕರಿ. ಎಷ್ಟು ಚಾಕರಿ ಅಂತ ಎಲ್ಲೂ ಬರೆದಿಲ್ಲ. ಹಗಲು ರಾತ್ರಿ, ಯಾರು ಯಾವಾಗ ಕರೆದ್ರೂ. ನಮ್ಮವರಲ್ಲೇ ಅನೇಕರು ವತನವನ್ನ ಹಕ್ಕು ಅಂತ ತಿಳ್ಕೊಂಡಿದ್ರು. ಬಾಬಾಸಾಹೇಬರು ಅದನ್ನ ಸರಪಳಿ ಅಂತ ಕಂಡ್ರು. ಕೊಡೋದಕ್ಕೆ ಮಿತಿ ಇದೆ, ಕಿತ್ಕೊಳ್ಳೋದಕ್ಕೆ ಮಿತಿ ಇಲ್ಲ ಅನ್ನೋದೇ ಅವರ ತಕರಾರು. ಆ ಮಸೂದೆ ಗೆಲ್ಲಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದದ್ದು 1961ರಲ್ಲಿ.

ಬಿಟ್ಟಿ ಚಾಕರಿ ಮತ್ತು ಪುಕ್ಕಟೆ ಇಮೇಲ್ ಒಂದೇ ಅಂತ ನಾನು ಹೇಳ್ತಿಲ್ಲ. ಚಾಕರಿಗೆ ಒಲ್ಲೆ ಅಂದವರ ಬೆನ್ನ ಮೇಲೆ ಬಾಸುಂಡೆ ಬರ್ತಿತ್ತು. ಇಮೇಲ್ ಬೇಡ ಅಂದ್ರೆ ಯಾರೂ ಹೊಡೆಯಲ್ಲ. ಆ ನೋವನ್ನ ಹಗುರ ಮಾಡೋ ಹಕ್ಕು ಯಾರಿಗೂ ಇಲ್ಲ. ಆದರೆ ಬಾಬಾಸಾಹೇಬರು ಕೇಳಿದ ಪ್ರಶ್ನೆಯನ್ನ ಇಲ್ಲೂ ಕೇಳಲೇಬೇಕು: ಕೊಟ್ಟದ್ದು ಎಷ್ಟು, ತಗೊಂಡದ್ದು ಎಷ್ಟು, ಕೊಟ್ಟದ್ದನ್ನ ಯಾವಾಗ ಬೇಕಾದ್ರೂ ಕಿತ್ಕೊಳ್ಳೋ ಅಧಿಕಾರ ಯಾರ ಕೈಲಿದೆ?

ಕೊನೆಯ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಹಾಟ್‌ಮೇಲ್ ಅನ್ನೋ ಹೆಸರನ್ನ ಮೈಕ್ರೋಸಾಫ್ಟ್ 2013ರ ಹೊತ್ತಿಗೆ ಮುಗಿಸಿ ಔಟ್‌ಲುಕ್ ಮಾಡ್ತು. ಒಂದು ವರ್ಷ ಬಳಸದ ಐಡಿಗಳನ್ನ ಬೇರೆಯವರಿಗೆ ಕೊಡ್ತೀವಿ ಅಂತ ಯಾಹೂ 2013ರಲ್ಲಿ ಹೇಳ್ತು. ನಿಮ್ಮ ವಿಳಾಸ ಇನ್ನೊಬ್ಬರಿಗೆ! ಎರಡು ವರ್ಷ ತೆರೆಯದ ಖಾತೆಗಳನ್ನ ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸೋಕೆ ಶುರು ಮಾಡಿದೆ.

ನಮ್ಮ ಜಿಲ್ಲೆಯ ಹಿರಿಯ ಸಂಗಾತಿಯೊಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡ್ರು. ಕಂಬಾಲಪಲ್ಲಿಯಿಂದ ಹಿಡಿದು ಎಷ್ಟೋ ಊರುಗಳಿಗೆ ಹೋಗಿ ಬಂದವರು. ಪ್ರತಿ ಭೇಟಿಯ ಟಿಪ್ಪಣಿಯನ್ನ ಹುಡುಗರ ಕೈಲಿ ಟೈಪ್ ಮಾಡಿಸಿ ತಮಗೆ ತಾವೇ ಇಮೇಲ್ ಮಾಡ್ಕೊಳ್ಳೋರು. "ಕಾಗದ ಸುಟ್ಟು ಹೋಗ್ತವೆ ಕಣಪ್ಪ, ಇದು ಸುಡಲ್ಲ" ಅಂತಿದ್ರು. ಅವರ ಮಗಳು ಖಾತೆ ತೆರೆಯೋಕೆ ನೋಡಿದಾಗ ಅಂಥ ಖಾತೆಯೇ ಇಲ್ಲ ಅಂತ ಬಂತು. ಕಂಪನಿಗೆ ಬರೆದಳು. ನಿಯಮದ ಪ್ರಕಾರ ಅಳಿಸಲಾಗಿದೆ ಅನ್ನೋ ಎರಡು ಸಾಲಿನ ಉತ್ತರ. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಎಲ್ಲರ ನಿಯಮವೂ ಹೆಚ್ಚುಕಮ್ಮಿ ಅದೇ. ಹತ್ತು ವರ್ಷದ ಸಾಕ್ಷ್ಯ, ನೊಂದವರ ಮಾತು, ಹೆಸರು, ದಿನಾಂಕ. ಹೋಯ್ತು.

ನಮ್ಮ ಅಜ್ಜಂದಿರ ಚರಿತ್ರೆ ಇಲ್ಲ, ಯಾಕಂದ್ರೆ ಅಕ್ಷರ ಕೊಡಲಿಲ್ಲ. ನಮ್ಮ ಚರಿತ್ರೆ ನಾವೇ ಅಕ್ಷರದಲ್ಲಿ ಬರೆದಿದ್ದೀವಿ, ಆದರೆ ಇನ್ನೊಬ್ಬರ ಜಗಲಿಯ ಮೇಲೆ ಇಟ್ಟಿದ್ದೀವಿ.

ಅದಕ್ಕೆ ಕೆಲಸ ಹೇಳ್ತೀನಿ ಅಂದದ್ದು. ಈ ವಾರವೇ ಮಾಡಿ.

ಹಳೇ ಯಾಹೂ, ರೀಡಿಫ್, ಹಾಟ್‌ಮೇಲ್, ಜಿಮೇಲ್ ಖಾತೆ ಇದ್ರೆ ಒಂದ್ಸಲ ಲಾಗಿನ್ ಆಗಿ. ಪಾಸ್‌ವರ್ಡ್ ಮರೆತಿದ್ರೆ ಹಳೇ ಡೈರಿ ಹುಡುಕಿ. ಚಳವಳಿಗೆ ಸಂಬಂಧಿಸಿದ ಕಾಗದ, ಫೋಟೋ, ವರದಿಗಳನ್ನ ಇಳಿಸಿ ಎರಡು ಕಡೆ ಇಡಿ, ಒಂದು ಹಾರ್ಡ್ ಡಿಸ್ಕ್, ಒಂದು ಪೆನ್ ಡ್ರೈವ್. ಜಿಮೇಲಿನಲ್ಲಿ 'ಟೇಕ್‌ಔಟ್' ಅಂತ ಸೌಲಭ್ಯ ಇದೆ, ಇಡೀ ಡಬ್ಬವನ್ನ ಒಟ್ಟಿಗೆ ಇಳಿಸಬಹುದು. ಮುಖ್ಯವಾದದ್ದನ್ನ ಪ್ರಿಂಟ್ ತೆಗೆದಿಡಿ. ನೊಂದವರ ಹೆಸರು, ವಿಳಾಸ ಇರೋ ಕಾಗದವನ್ನ ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ನಿಮ್ಮ ನಂತರ ಯಾರು ತೆರೆಯಬೇಕು ಅನ್ನೋದನ್ನ ಮನೆಯವರಿಗೋ ನಂಬಿಕೆಯ ಸಂಗಾತಿಗೋ ಹೇಳಿಡಿ. ಹಿರಿಯರಿಗೆ ಇದೆಲ್ಲ ಗೊತ್ತಾಗಲ್ಲ. ಕಿರಿಯರು ಅವರ ಮನೆಗೆ ಹೋಗಿ ಪಕ್ಕ ಕೂತು ಮಾಡಿಕೊಡಿ.

ಪುಕ್ಕಟೆ ಸಿಕ್ಕಿದ್ದನ್ನ ಬಳಸಿ. ಬಳಸಿಯೇ ನಾವು ಇಲ್ಲಿಗೆ ಬಂದಿದ್ದೀವಿ. ಆದರೆ ಅದನ್ನ ನಮ್ಮ ಆಸ್ತಿ ಅಂತ ನಂಬಿ ಕೂರಬೇಡಿ.

ಯಾರ ಹತ್ರ 1998ರಿಂದ 2008ರವರೆಗಿನ ಕಾಗದಗಳು ಉಳಿದಿವೆ, ಕಾಮೆಂಟಿನಲ್ಲಿ ಜಿಲ್ಲೆಯ ಹೆಸರು ಮಾತ್ರ ಹಾಕಿ. ನಾನೇ ಸಂಪರ್ಕಿಸ್ತೀನಿ.

ಜೈ ಭೀಮ್.